18,000 ಮಂದಿಯ ಬ್ರಿಟಿಷ್ ಇನ್‌ಫೆಂಟ್ರಿ ಡಿವಿಜನ್: ಫಲಕದಲ್ಲಿ ಯಾರನ್ನು ಯಾರ ಕೆಳಗೆ ಬರೆಯಬೇಕು?

ಕಲ್ಲುಕೋಟೆ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕಾಲೇಜೊಂದರ ಇತಿಹಾಸ ಪ್ರದರ್ಶನಕ್ಕೆ ನಾಗಾ ಬೆಟ್ಟಗಳಲ್ಲಿ ಜಪಾನೀಯರ ವಿರುದ್ಧ ನಡೆದ 1944ರ ಕೊಹಿಮಾ ಕದನದ ಫಲಕ ಸಿದ್ಧವಾಗುತ್ತಿದೆ. ಬ್ರಿಟಿಷ್ 2ನೇ ಡಿವಿಜನ್ನಿನ ರಚನೆಯನ್ನು ಒಂದು ಚಿತ್ರದಲ್ಲಿ ತೋರಿಸಬೇಕು. ಈಗಿನ ಕರಡು ಹೀಗಿದೆ: ಮೇಲೆ ಮೇಜರ್ ಜನರಲ್ ಗ್ರೋವರ್. ಅವರ ಕೆಳಗೆ ಮೂವರು ಬ್ರಿಗೇಡಿಯರ್ ಜನರಲ್‌ಗಳು, 4, 5 ಮತ್ತು 6ನೇ ಬ್ರಿಗೇಡ್. ಪ್ರತಿ ಬ್ರಿಗೇಡಿಗೆ 6,000 ಸೈನಿಕರು, 24 ತೋಪು, ಒಂದು ಎಂಜಿನಿಯರ್ ಕಂಪನಿ. ಒಟ್ಟು 18,000.

ನನ್ನ ಪ್ರಶ್ನೆಗಳು ಮೂರು. ಈ ಲೆಕ್ಕ ಸರಿಯೇ? ಕೊಹಿಮಾದಲ್ಲಿದ್ದ 161ನೇ ಇಂಡಿಯನ್ ಬ್ರಿಗೇಡನ್ನೂ ಟ್ಯಾಂಕ್‌ಗಳನ್ನೂ ಚಿತ್ರದಲ್ಲಿ ಎಲ್ಲಿ ಕೂರಿಸಬೇಕು? ‘ರೆಜಿಮೆಂಟ್’ ಎಂಬ ಪದ ಒಂದು ಕಡೆ ಕಾಲಾಳುಗಳಿಗೆ, ಇನ್ನೊಂದು ಕಡೆ ತೋಪಿನವರಿಗೆ ಬರುತ್ತದೆ. ಎರಡೂ ಒಂದೇನಾ?

---

ಮುದಗಲ್ಲು_ಬಾಗಿಲು

ಸರ್, 18,000ವನ್ನು ಮೂರರಿಂದ ಭಾಗಿಸಿದ್ದೇ ಮೊದಲ ತಪ್ಪು. ಇದೊಂದನ್ನು ತಿದ್ದಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

1944ರಲ್ಲಿ ಯುರೋಪಿನ ರಣರಂಗಕ್ಕೆ ಗೊತ್ತುಪಡಿಸಿದ ಬಲ 18,347. ಕೆಳಗಿನಿಂದ ಕಟ್ಟಿಕೊಂಡು ಬರೋಣ. ಒಂದು ಸೆಕ್ಷನ್ ಅಂದರೆ 10 ಜನ. ಕಾರ್ಪೊರಲ್ ಸೇರಿ 7 ಜನ ರೈಫಲ್‌ನವರು, ಬ್ರೆನ್ ಗನ್ (ಹಗುರ ಮೆಷಿನ್ ಗನ್) ಹಿಂದೆ 3 ಜನ. ಇಂಥ ಮೂರು ಸೆಕ್ಷನ್ನಿಗೆ 7 ಜನರ ಮುಖ್ಯ ತಂಡ ಸೇರಿದರೆ 37 ಜನರ ಪ್ಲಟೂನ್. 2 ಇಂಚಿನ ಮಾರ್ಟರ್ (ಗುಂಡನ್ನು ಎತ್ತರಕ್ಕೆ ಹಾರಿಸುವ ಸಣ್ಣ ಕೊಳವೆ ತೋಪು) ಆ ತಂಡದಲ್ಲೇ ಇರುತ್ತದೆ. ಮೂರು ಪ್ಲಟೂನು ಸೇರಿ ಸುಮಾರು 125 ಜನರ ರೈಫಲ್ ಕಂಪನಿ, ಮೇಜರ್ ಅದರ ಯಜಮಾನ. ಬೆಟಾಲಿಯನ್ನಿನಲ್ಲಿ ಇಂಥ ನಾಲ್ಕು ಕಂಪನಿ. ಜೊತೆಗೆ ಆರು 3 ಇಂಚಿನ ಮಾರ್ಟರ್, ಆರು 6 ಪೌಂಡರ್ ಟ್ಯಾಂಕ್ ನಿರೋಧಕ ತೋಪು, ಬ್ರೆನ್ ಕ್ಯಾರಿಯರ್ (ಪಟ್ಟಿಯ ಮೇಲೆ ಓಡುವ ಸಣ್ಣ ಕವಚದ ಗಾಡಿ) ಪ್ಲಟೂನ್, ದಾರಿ ತೆರೆಯುವಂಥ ಕೆಲಸದ ಪಯನಿಯರ್ ಪ್ಲಟೂನ್ ಇರುವ ಸಪೋರ್ಟ್ ಕಂಪನಿ. ಎಲ್ಲ ಸೇರಿ ಬೆಟಾಲಿಯನ್ನಿಗೆ ಸುಮಾರು 845 ಜನ, ಮೇಲೆ ಒಬ್ಬ ಲೆಫ್ಟಿನೆಂಟ್ ಕರ್ನಲ್.

ಬ್ರಿಗೇಡಿಗೆ ಮೂರು ಬೆಟಾಲಿಯನ್, ಡಿವಿಜನ್ನಿಗೆ ಒಂಬತ್ತು. ಅಂದರೆ ಎಲ್ಲ ಬೆಟಾಲಿಯನ್ ಕೂಡಿಸಿದರೂ 7,600ರ ಆಸುಪಾಸು. ಬ್ರಿಗೇಡಿಗೆ 6,000 ಅಲ್ಲ, ಮೂರು ಬೆಟಾಲಿಯನ್ ಸೇರಿ ಸುಮಾರು 2,500.

ಇನ್ನೂ ಒಂದು ಲೆಕ್ಕ ಮಾಡಿ ನೋಡಿ. 9 ಬೆಟಾಲಿಯನ್, ತಲಾ 4 ಕಂಪನಿ, ತಲಾ 3 ಪ್ಲಟೂನ್, ತಲಾ 3 ಸೆಕ್ಷನ್: ಒಟ್ಟು 324 ಸೆಕ್ಷನ್, 3,240 ಜನ. ಶತ್ರುವಿನ ಕಂದಕದ ಕಡೆ ನಡೆದುಹೋಗುವವರು ಇಷ್ಟೇ. ಸಾವು ನೋವಿನ ಬಹುಪಾಲು ಬೀಳುವುದೂ ಇವರ ಮೇಲೆ. ಡಿವಿಜನ್ ಒಂದು ಸಾವಿರ ಜನರನ್ನು ಕಳೆದುಕೊಂಡರೆ ಕಾಗದದ ಮೇಲೆ ಅದು ನೂರಕ್ಕೆ ಐದಾರು. ಸೆಕ್ಷನ್ನಿನ ಲೆಕ್ಕದಲ್ಲಿ ಮೂರರಲ್ಲಿ ಒಬ್ಬ ಹೋದ ಹಾಗೆ. ‘ಡಿವಿಜನ್ ಬಳಲಿತ್ತು’ ಎಂದು ಓದಿದಾಗಲೆಲ್ಲ ಈ 3,240ನ್ನು ನೆನೆಯಬೇಕು. ಫಲಕದಲ್ಲಿ ಒಂದೇ ಅಂಕಿಗೆ ಜಾಗವಿದ್ದರೆ 18,000 ಬಿಟ್ಟು ಇದನ್ನೇ ಹಾಕಿ ಅನ್ನುತ್ತೇನೆ.

ದಾಳಿಗೆ ಮುನ್ನ ಪ್ರತಿ ಬೆಟಾಲಿಯನ್ನಿನಿಂದ ಕೆಲವು ಅಧಿಕಾರಿಗಳನ್ನೂ ಅನುಭವಿ ಸಾರ್ಜೆಂಟ್, ಕಾರ್ಪೊರಲ್‌ಗಳನ್ನೂ ಬೇಕೆಂದೇ ಹಿಂದೆ ಬಿಡುತ್ತಿದ್ದರು. ಅದಕ್ಕೆ ‘ಲೆಫ್ಟ್ ಔಟ್ ಆಫ್ ಬ್ಯಾಟಲ್’ ಎಂದೇ ಹೆಸರು. ನಾಳೆ ಬೆಟಾಲಿಯನ್ನನ್ನು ಮತ್ತೆ ಕಟ್ಟಬೇಕಾದರೆ ಬೀಜಕ್ಕೆ ಇಟ್ಟ ಕಾಳಿನಂತೆ ಅವರು ಉಳಿದಿರಬೇಕು.

ರೆಜಿಮೆಂಟ್ ವಿಷಯ: ಬ್ರಿಟಿಷ್ ಕಾಲಾಳು ಪಡೆಯಲ್ಲಿ ಅದು ಮನೆತನದ ಹೆಸರಿದ್ದಂತೆ, ರಣರಂಗದ ತುಕಡಿಯಲ್ಲ. 5ನೇ ಬ್ರಿಗೇಡಿನಲ್ಲಿ 7ನೇ ವೂಸ್ಟರ್‌ಶೈರ್, 2ನೇ ಡಾರ್ಸೆಟ್, 1ನೇ ಕ್ಯಾಮರಾನ್ ಹೈಲ್ಯಾಂಡರ್ಸ್ ಇದ್ದವು. ಮೂರೂ ಬೇರೆ ಬೇರೆ ರೆಜಿಮೆಂಟಿನ ಒಂದೊಂದು ಬೆಟಾಲಿಯನ್. ತೋಪಿನವರಲ್ಲಿ ಹಾಗಲ್ಲ, ಫೀಲ್ಡ್ ರೆಜಿಮೆಂಟ್ ಅಂದರೆ ಒಬ್ಬ ಲೆಫ್ಟಿನೆಂಟ್ ಕರ್ನಲ್ ಕೈಕೆಳಗಿನ 24 ತೋಪುಗಳ ಘಟಕ. ‘ಬ್ರಿಗೇಡಿಯರ್ ಜನರಲ್’ ಅನ್ನುವುದು ಮೊದಲನೇ ಮಹಾಯುದ್ಧದ ಪದವಿ. 1944ರಲ್ಲಿ ಬರೀ ಬ್ರಿಗೇಡಿಯರ್.

ಬರ್ಮಾ ಗಡಿಯಲ್ಲಿ ಈ ಅಂಕಿಗಳು ಪೂರ್ತಿ ಹೊಂದುವುದಿಲ್ಲ. ಚಿತ್ರದ ಮೂಲೆಯಲ್ಲಿ ‘1944ರ ಯುರೋಪ್ ಮಾದರಿ’ ಎಂದು ಬರೆದುಬಿಡಿ.

---

ಸಂಡೂರು_ಘಾಟ್

ತೋಪುಗಳನ್ನು ಬ್ರಿಗೇಡಿನ ಕೆಳಗೆ ಬರೆಯಬೇಡಿ. ಡಿವಿಜನ್ನಿನ ಬಲವೆಲ್ಲ ಇರುವುದು ಈ ಒಂದು ಗೆರೆಯಲ್ಲಿ.

ಮೂರು ಫೀಲ್ಡ್ ರೆಜಿಮೆಂಟ್, 25 ಪೌಂಡರ್ (25 ಪೌಂಡ್ ತೂಕದ ಗುಂಡು ಹಾರಿಸುವ) ತೋಪು 72. ಇವೆಲ್ಲ ಸಿ.ಆರ್.ಎ. ಎಂದು ಕರೆಯುವ ತೋಪಿನ ಬ್ರಿಗೇಡಿಯರ್ ಕೈಯಲ್ಲಿ. ಅವರು ಕೂರುವುದು ಡಿವಿಜನ್ ಕಮಾಂಡರ್ ಪಕ್ಕದಲ್ಲಿ. ಆದರೆ ನಿತ್ಯದ ಕೆಲಸದಲ್ಲಿ ಒಂದೊಂದು ರೆಜಿಮೆಂಟ್ ಒಂದೊಂದು ಬ್ರಿಗೇಡಿನ ಜೊತೆ ಜೋಡಿ. ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಬ್ರಿಗೇಡಿಯರ್ ಜೊತೆ ಇರುತ್ತಾರೆ. 8 ತೋಪಿನ ಬ್ಯಾಟರಿಯ ಮೇಜರ್ ಬೆಟಾಲಿಯನ್ ಕಮಾಂಡರ್ ಜೊತೆ. ಬ್ಯಾಟರಿಯ ಕ್ಯಾಪ್ಟನ್ ಒಬ್ಬರು ವೈರ್‌ಲೆಸ್ ಹೊತ್ತು ಮುಂದಿನ ರೈಫಲ್ ಕಂಪನಿಯ ಜೊತೆಯೇ ನಡೆಯುತ್ತಾರೆ. ಗುರಿಯನ್ನು ಕಣ್ಣಾರೆ ನೋಡಿ ಗುಂಡು ತರಿಸುವವರು ಇವರೇ.

ಬ್ಯಾಟರಿಯನ್ನು ಮೀರಿದ ಗುರಿ ಸಿಕ್ಕರೆ ‘ಮೈಕ್ ಟಾರ್ಗೆಟ್’ ಎಂದು ಕೂಗುತ್ತಾರೆ; ರೆಜಿಮೆಂಟಿನ 24 ತೋಪೂ ಅಲ್ಲಿಗೆ ತಿರುಗುತ್ತವೆ. ‘ಅಂಕಲ್ ಟಾರ್ಗೆಟ್’ ಅಂದರೆ ಡಿವಿಜನ್ನಿನ 72. ‘ವಿಕ್ಟರ್’ ಅಂದರೆ, ಹಲವು ಡಿವಿಜನ್ ಸೇರಿದ ಇಡೀ ಕೋರ್‌ನ ತೋಪುಗಳು. ತೋಪುಗಳನ್ನು ಬ್ರಿಗೇಡಿಗೆ ಹಂಚಿಕೊಟ್ಟುಬಿಟ್ಟಿದ್ದರೆ ಸುಮ್ಮನಿರುವ ಬ್ರಿಗೇಡಿನ 24 ತೋಪು ಸುಮ್ಮನೇ ಇರುತ್ತಿದ್ದವು, ಪಕ್ಕದ ಬ್ರಿಗೇಡ್ ಸಾಯುತ್ತಿದ್ದರೂ. ಗುಂಡು ಹೋಗುವ ದೂರ 13,400 ಗಜ, ಅಂದರೆ 12 ಕಿಲೋಮೀಟರಿಗೂ ಹೆಚ್ಚು. ತೋಪು ಕದಲದೆಯೇ ಅದರ ಬೆಂಕಿಯನ್ನು ಪಕ್ಕದವರಿಗೆ ಎರವಲು ಕೊಡಬಹುದು. ಕೇಂದ್ರದಲ್ಲಿ ಹಿಡಿದಿಟ್ಟುಕೊಳ್ಳುವ ಕಾರಣ ಇದು, ದೊಡ್ಡ ಸಾಹೇಬರ ದರ್ಪ ಅಲ್ಲ.

ಎಡವುವುದು ಎಲ್ಲಿ? ಮೊದಲನೆಯದು ಸಂಪರ್ಕ. ಟೆಲಿಫೋನ್ ತಂತಿಯನ್ನು ಶತ್ರುವಿನ ಗುಂಡು ಮಾತ್ರವಲ್ಲ, ನಮ್ಮದೇ ಕ್ಯಾರಿಯರ್‌ಗಳ ಪಟ್ಟಿಯೂ ಕತ್ತರಿಸುತ್ತದೆ. ಗುಡ್ಡಗಾಡಿನಲ್ಲಿ ವೈರ್‌ಲೆಸ್ ದಿನ್ನೆಯ ಆಚೆ ಕೇಳುವುದಿಲ್ಲ, ಅದರ ವಿದ್ಯುತ್ ಬ್ಯಾಟರಿ ಒದ್ದೆಯಾಗುತ್ತದೆ. ಎರಡನೆಯದು ನೆಲ. ಕೊಹಿಮಾದಂಥ ಚೂಪು ದಿನ್ನೆಯಲ್ಲಿ ಗುರಿ ಹತ್ತು ಗಜ ತಪ್ಪಿದರೂ ಗುಂಡು ಆಚೆಯ ಕಣಿವೆಗೆ ಹಾರಿಹೋಗುತ್ತದೆ, ಶತ್ರು ಹಿಂಬದಿಯ ಇಳಿಜಾರಿನಲ್ಲಿ ಕ್ಷೇಮವಾಗಿರುತ್ತಾನೆ. ಮೂರನೆಯದು ತೂಕ. ತೋಪಿಗೆ ನೂರರಂತೆ 72 ತೋಪಿಗೆ 7,200 ಗುಂಡು. ಬರೀ ಗುಂಡಿನ ತೂಕವೇ 80 ಟನ್. 3 ಟನ್ ಲಾರಿ 27 ಬೇಕು, ತೋಟೆ, ಪೆಟ್ಟಿಗೆ ಬೇರೆ. ಒಂದು ಜೋರಾದ ಬೆಳಗಿನ ಹೊತ್ತಿಗೆ ಇಷ್ಟು ಮುಗಿದುಹೋಗಬಹುದು.

ಇದಲ್ಲದೆ ಡಿವಿಜನ್ನಿಗೆ 48 ತೋಪಿನ ಟ್ಯಾಂಕ್ ನಿರೋಧಕ ರೆಜಿಮೆಂಟ್, 54 ಬೋಫೋರ್ಸ್‌ಗಳ ವಿಮಾನ ನಿರೋಧಕ ರೆಜಿಮೆಂಟ್, 36 ವಿಕರ್ಸ್ ಮೆಷಿನ್ ಗನ್ ಮತ್ತು 16 ಭಾರಿ ಮಾರ್ಟರ್ ಇರುವ ಬೆಟಾಲಿಯನ್, ಒಂದು ಬೇಹು ರೆಜಿಮೆಂಟ್. ಎಂಜಿನಿಯರ್‌ಗಳದ್ದೂ ತೋಪಿನ ಕ್ರಮವೇ: ಮೂರು ಫೀಲ್ಡ್ ಕಂಪನಿಗಳು ಬ್ರಿಗೇಡಿನ ಜೊತೆ ಕೆಲಸ ಮಾಡಿದರೂ ಸಿ.ಆರ್.ಇ. ಎಂಬ ಲೆಫ್ಟಿನೆಂಟ್ ಕರ್ನಲ್ ಹಿಡಿತದಲ್ಲಿ.

---

ತುಂಗಭದ್ರಾ_ಎಡದಂಡೆ

ನಾ ಕೊಪ್ಪಳ ಕಡೆಯಾಂವ ರೀ. 161ನೇ ಬ್ರಿಗೇಡಿಂದು ಮತ್ತ ಟ್ಯಾಂಕಿಂದು ಹೇಳ್ತೀನಿ, ಯಾಕಂದ್ರ ಎರಡೂ ಒಂದ ತರದ ಗೆರಿ ಹಾಕಿದ್ರ ತಪ್ಪಾಗತೈತಿ.

‘ಅಂಡರ್ ಕಮಾಂಡ್’ ಅಂದ್ರ ಆ ಪಡೆ ನಿಮ್ಮ ಮನಿಗೆ ಬಂತು ಅಂತ. ಹುಕುಂ ನೀವ ಕೊಡಬೇಕು, ಊಟ, ಮದ್ದುಗುಂಡು, ಪೆಟ್ರೋಲು, ಗಾಯಾಳುಗಳ ಸಾಗಾಟ ಎಲ್ಲಾ ನೀವ ನೋಡಬೇಕು. ‘ಇನ್ ಸಪೋರ್ಟ್’ ಅಂದ್ರ ನಿಮ್ಮ ಕೆಲಸಕ್ಕ ಬಂದಾರ, ಆದ್ರ ಯಜಮಾನ ಅವರವನ ಇರತಾನ. ನೀವು ‘ಇಂಥಲ್ಲಿ ಹೊಡೀರಿ’ ಅಂತ ಕೇಳಬೇಕು. ಹೆಂಗ ಮಾಡಬೇಕು ಅನ್ನೂದು ಅವನ ತೀರ್ಮಾನ.

161ನೇ ಬ್ರಿಗೇಡ್ ಅಸಲಿಗೆ 5ನೇ ಇಂಡಿಯನ್ ಡಿವಿಜನ್ನಿಂದು. ಕೊಹಿಮಾದಾಗ 2ನೇ ಡಿವಿಜನ್ನಿನ ಕೈಯಾಗ ಬಂತು. ಮುಂದ 7ನೇ ಇಂಡಿಯನ್ ಡಿವಿಜನ್ನಿನ 33ನೇ ಬ್ರಿಗೇಡೂ ಹಂಗ ಬಂತು. ನಕ್ಷೆದಾಗ ಒಂದು ಚೌಕ ಸರಿಸಿದಷ್ಟ ಸರಳ ಇದು ಕಾಣತೈತಿ. ಪಡಿ ಕೊಡಾಂವಗ ಕೇಳ್ರಿ. 161ರಾಗ 4ನೇ ರಾಯಲ್ ವೆಸ್ಟ್ ಕೆಂಟ್ ಬ್ರಿಟಿಷರು, 1/1 ಪಂಜಾಬ್ (1ನೇ ಪಂಜಾಬ್ ರೆಜಿಮೆಂಟಿನ 1ನೇ ಬೆಟಾಲಿಯನ್) ಮತ್ತ 4/7 ರಜಪೂತ್ ನಮ್ಮವರು. ಬ್ರಿಟಿಷರಿಗೆ ಡಬ್ಬಿ ಮಾಂಸ, ಬಿಸ್ಕೀಟು. ನಮ್ಮವರಿಗೆ ಗೋದಿಹಿಟ್ಟು, ಬ್ಯಾಳಿ, ತುಪ್ಪ. ಬರೀ ಬ್ರಿಟಿಷ್ ಡಿವಿಜನ್ನಿನ ಪಡಿ ಇಲಾಖೆಗೆ ಒಂದ ದಿನದಾಗ ಎರಡು ತರದ ಅಡಗಿ ಸಾಮಾನು ತರಿಸೂ ಕೆಲಸ ಬಿತ್ತು. ‘ಅಂಡರ್ ಕಮಾಂಡ್’ ಅನ್ನೂ ಎರಡು ಶಬ್ದದ ತೂಕ ಇದು.

ಟ್ಯಾಂಕು ಇನ್‌ಫೆಂಟ್ರಿ ಡಿವಿಜನ್ನಿನ ಸ್ವಂತ ಆಸ್ತಿನ ಅಲ್ಲ. ಕೊಹಿಮಾದಾಗ 149ನೇ ರೆಜಿಮೆಂಟಿನ ಲೀ-ಗ್ರಾಂಟ್ ಟ್ಯಾಂಕು ಇದ್ದವು. ಅವಕ್ಕ ಚುಕ್ಕಿ ಗೆರಿ ಹಾಕ್ರಿ, 161ಕ್ಕ ಗಟ್ಟಿ ಗೆರಿ. ಪ್ರದರ್ಶನ ನೋಡಾಕ ಬಂದ ಹುಡುಗರಿಗೆ ಫರಕು ಕಣ್ಣಿಗೆ ಬೀಳತೈತಿ.

---

ಕಲ್ಲುಕೋಟೆ_ಬಳ್ಳಾರಿ

ಮೂವರಿಗೂ ಧನ್ಯವಾದ. ಕರಡು ಹೊಸದಾಗಿ ಬರೆಯುತ್ತೇನೆ. ಇನ್ನೊಂದು ಸಂದೇಹ. ಡಿವಿಜನ್ ಹೆಡ್‌ಕ್ವಾರ್ಟರ್ಸ್‌ನಲ್ಲಿ ಜನರಲ್ ಬಿಟ್ಟರೆ ಎರಡನೆಯವರು ಯಾರು? ಆದೇಶ ಮೇಲಿನಿಂದ ಸೆಕ್ಷನ್ ತನಕ ಇಳಿಯಲು ಎಷ್ಟು ಹೊತ್ತು ಬೇಕು?

---

ಮುದಗಲ್ಲು_ಬಾಗಿಲು

ಆಗಿನ ಬ್ರಿಟಿಷ್ ಡಿವಿಜನ್ನಿನಲ್ಲಿ ಉಪ ಕಮಾಂಡರ್ ಎಂಬ ಹುದ್ದೆಯೇ ಇರಲಿಲ್ಲ, ‘ಚೀಫ್ ಆಫ್ ಸ್ಟಾಫ್’ ಎಂಬ ಹೆಸರೂ ಇರಲಿಲ್ಲ. ಜನರಲ್ ಇಲ್ಲವಾದರೆ ಸಾಮಾನ್ಯವಾಗಿ ಹಿರಿಯ ಬ್ರಿಗೇಡಿಯರ್ ಹೊಣೆ ಹೊರುತ್ತಾರೆ. ಕಚೇರಿ ನಡೆಸುವುದು ಎರಡು ಕೈ. ಎರಡಕ್ಕೂ ಒಬ್ಬೊಬ್ಬ ಲೆಫ್ಟಿನೆಂಟ್ ಕರ್ನಲ್.

ಒಂದು ಕೈ ‘ಜಿ’ ಶಾಖೆ, ಅದರ ಮುಖ್ಯಸ್ಥ ಜಿ.ಎಸ್.ಓ. 1. ಕಾರ್ಯಾಚರಣೆ, ಬೇಹು, ನಕ್ಷೆ, ಆದೇಶ ಬರೆಯುವುದು ಇವರದು. ಇನ್ನೊಂದು ಕೈ ‘ಎ’ ಮತ್ತು ‘ಕ್ಯೂ’: ಜನ ಮತ್ತು ಸಾಮಾನು. ಬದಲಿ ಸೈನಿಕರು, ಶಿಸ್ತು, ಕೈದಿಗಳು ‘ಎ’ಗೆ; ಪಡಿ, ಮದ್ದು, ಸಾಗಾಟ ‘ಕ್ಯೂ’ಗೆ. ಎರಡಕ್ಕೂ ಸೇರಿ ಒಬ್ಬರೇ ಎ.ಎ. ಅಂಡ್ ಕ್ಯೂ.ಎಂ.ಜಿ. ಬ್ರಿಗೇಡಿನಲ್ಲಿ ಇದೇ ಕೆಲಸ ಸಣ್ಣ ಪ್ರಮಾಣದಲ್ಲಿ: ‘ಜಿ’ಗೆ ಬ್ರಿಗೇಡ್ ಮೇಜರ್, ಉಳಿದದ್ದಕ್ಕೆ ಸ್ಟಾಫ್ ಕ್ಯಾಪ್ಟನ್. ಹೆಸರಿನಲ್ಲಿ ಮೇಜರ್ ಅಂತ ಇದ್ದರೂ ಬ್ರಿಗೇಡ್ ಮೇಜರ್ ದಂಡಿನ ಮುಖಂಡನಲ್ಲ. ಬ್ರಿಗೇಡಿಯರ್ ಬಿದ್ದರೆ ಕಮಾಂಡ್ ಹೋಗುವುದು ಬೆಟಾಲಿಯನ್ ಕಮಾಂಡರ್ ಒಬ್ಬರಿಗೆ. ಕೊಹಿಮಾದಲ್ಲಿ 4ನೇ ಬ್ರಿಗೇಡಿನ ಗೋಷೆನ್ ಸತ್ತರು, 5ನೇ ಬ್ರಿಗೇಡಿನ ಹಾಕಿನ್ಸ್ ಗಾಯಗೊಂಡರು. ಆಗ ಬ್ರಿಗೇಡ್ ಮೇಜರ್ ಕೈಯಲ್ಲಿದ್ದ ನಕ್ಷೆ, ವೈರ್‌ಲೆಸ್, ಆದೇಶದ ಪ್ರತಿಗಳೇ ಹೊಸಬರಿಗೆ ಆಧಾರ.

ಆದೇಶದ ಕ್ರಮ ಐದು ಭಾಗ: ಮಾಹಿತಿ, ಉದ್ದೇಶ, ವಿಧಾನ, ಆಡಳಿತ, ಸಂಪರ್ಕ. ಉದ್ದೇಶ ಒಂದೇ ವಾಕ್ಯದಲ್ಲಿ ಇರಬೇಕು. ಎಲ್ಲ ಕೆಟ್ಟು ಸಂಪರ್ಕ ಕಡಿದಾಗ ಸಬಾಲ್ಟರ್ನ್ (ಪ್ಲಟೂನ್ ನಡೆಸುವ ಕಿರಿಯ ಅಧಿಕಾರಿ) ಒಬ್ಬನಿಗೆ ನೆನಪಿರುವುದು ಆ ವಾಕ್ಯ ಮಾತ್ರ.

ಹೊತ್ತಿನ ಲೆಕ್ಕ ಉದಾಹರಣೆಯಲ್ಲಿ ನೋಡಿ. ಜನರಲ್ ಬೆಳಿಗ್ಗೆ 10ಕ್ಕೆ ಬ್ರಿಗೇಡಿಯರ್‌ಗಳನ್ನು ಕೂರಿಸಿ ಆದೇಶ ಕೊಟ್ಟರು ಅನ್ನಿ. ಬ್ರಿಗೇಡಿಯರ್ ವಾಪಸ್ ಹೋಗಿ, ನೆಲ ನೋಡಿ, ತನ್ನ ಯೋಜನೆ ಹೇಳುವಷ್ಟರಲ್ಲಿ 12.30. ಬೆಟಾಲಿಯನ್ನಿನಲ್ಲಿ 3 ಗಂಟೆ. ಕಂಪನಿಯಲ್ಲಿ 4.30. ಪ್ಲಟೂನ್ ಕಮಾಂಡರ್ ಕಾರ್ಪೊರಲ್‌ಗಳನ್ನು ಕರೆದುಕೊಂಡು ಹೋಗಿ ‘ಅಗೋ ಆ ಮರ’ ಎಂದು ತೋರಿಸುವ ಹೊತ್ತಿಗೆ ಕತ್ತಲು. ಮೇಲಿನವರು ಒಂದು ಗಂಟೆ ತಡಮಾಡಿದರೆ ಆ ಗಂಟೆ ಕಳೆದುಹೋಗುವುದು ಕಾರ್ಪೊರಲ್‌ನ ಹಗಲಿನಿಂದ. ನೆಲ ನೋಡದೆ ನಸುಕಿನಲ್ಲಿ ಹೊರಟ ಸೆಕ್ಷನ್ ದಿಕ್ಕು ತಪ್ಪುತ್ತದೆ, ತೋಪಿನ ಬೆಂಕಿ ಮುಗಿದ ಮೇಲೆ ತಲುಪುತ್ತದೆ. ಅದಕ್ಕೇ ಪೂರ್ತಿ ಆದೇಶಕ್ಕೆ ಮೊದಲೇ ಎರಡು ಸಾಲಿನ ಮುನ್ಸೂಚನೆ ಕಳಿಸುತ್ತಾರೆ: ಇಂಥ ಹೊತ್ತಿಗೆ ಮುಂಚೆ ಕದಲುವುದಿಲ್ಲ, ಇಂಥ ಕಡೆ ಹೋಗಬೇಕು. ಅಷ್ಟರಲ್ಲಿ ಕೆಳಗಿನವರು ಉಂಡು, ಮದ್ದು ತುಂಬಿ, ನೆಲ ನೋಡಿ ಬರಬಹುದು.

---

ಸಂಡೂರು_ಘಾಟ್

ರಸ್ತೆಯ ಮಾತು ಉಳಿಯಿತು. ಯುರೋಪ್ ಮಾದರಿಯ ಡಿವಿಜನ್ನಿಗೆ ಮೋಟಾರ್ ಸೈಕಲ್ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ವಾಹನ. ಮೈಲಿಗೆ 20 ವಾಹನದಂತೆ ಬಿಟ್ಟರೆ 200 ಮೈಲಿ ಸಾಲು: ತಲೆ ಬೆಂಗಳೂರು ಮುಟ್ಟಿದಾಗ ಬಾಲ ಬಳ್ಳಾರಿಯಲ್ಲೇ ಇರುತ್ತದೆ. ಗಂಟೆಗೆ 15 ಮೈಲಿಯಂತೆ ಒಂದು ಜಾಗ ದಾಟಲು 13 ಗಂಟೆ. ಇಷ್ಟಿದ್ದರೂ ಎಲ್ಲ ಕಾಲಾಳುಗಳನ್ನು ಒಟ್ಟಿಗೆ ಕೂರಿಸಲು ಸ್ವಂತ ಲಾರಿ ಸಾಲದು. ಮೇಲಿನ ಕೋರ್‌ನಿಂದಲೋ ಸೇನೆಯಿಂದಲೋ ಎರವಲು ತರಬೇಕು.

ದಿಮಾಪುರದಿಂದ ಕೊಹಿಮಾಕ್ಕೆ ಇದ್ದದ್ದು 46 ಮೈಲಿಯ ಒಂದೇ ಘಾಟ್ ರಸ್ತೆ. ಅದಿರು ಲಾರಿ ಒಂದು ತಿರುವಿನಲ್ಲಿ ಕೆಟ್ಟು ನಿಂತರೆ ಹೊಸಪೇಟೆ ರಸ್ತೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ರಸ್ತೆಯಲ್ಲಿ ಮೇಲೆ ಹೋಗುವ ಮದ್ದಿಗೂ ಕೆಳಗೆ ಬರುವ ಗಾಯಾಳುಗಳಿಗೂ ಸರದಿ ಹಚ್ಚುವುದು ‘ಕ್ಯೂ’ ಶಾಖೆ ಮತ್ತು ಮಿಲಿಟರಿ ಪೊಲೀಸರ ಕೆಲಸ. ರಸ್ತೆ ಬಿಟ್ಟು 4ನೇ ಬ್ರಿಗೇಡ್ ಬಲಕ್ಕೆ ಕಾಡು ಬೆಟ್ಟ ಸುತ್ತಿ ಹೋದಾಗ ಲಾರಿಯ ಜಾಗಕ್ಕೆ ನಾಗಾ ಹೊರೆಯಾಳುಗಳು ಬಂದರು. ತೋಪು ಹಿಂದೆಯೇ ಉಳಿದು ದೂರದಿಂದ ಬೆಂಕಿ ಕೊಡಬೇಕಾಯಿತು. ಫಲಕದಲ್ಲಿ ರಚನೆಯ ಚಿತ್ರದ ಕೆಳಗೆ ಆ ಒಂದೇ ರಸ್ತೆಯನ್ನೂ ಎಳೆದುಬಿಡಿ.

---

ತುಂಗಭದ್ರಾ_ಎಡದಂಡೆ

ಗಾಯಾಳು ಅಂದಿದ್ದಕ್ಕ ಒಂದು ಸೇರಿಸ್ತೀನಿ. ಫಲಕದಾಗ ಮೂರು ಫೀಲ್ಡ್ ಆಂಬುಲೆನ್ಸ್ ಅಂತ ಬರೀತೀರಲ್ಲ, ಅದು ಗಾಡಿ ಅಲ್ರಿ, ಡಾಕ್ಟರು, ಸ್ಟ್ರೆಚರ್ ಹೊರಾವ್ರು ಎಲ್ಲಾ ಇರೂ ಒಂದು ಇಡೀ ಘಟಕ. ಬೆಟಾಲಿಯನ್ ಡಾಕ್ಟರನ ಠಾಣೆಯಿಂದ ಇವರ ಹೊತ್ತು ತರತಾರ. ಆಪರೇಶನ್ ಆಗೂ ದೊಡ್ಡ ಠಾಣೆ ಡಿವಿಜನ್ನಿನ ಹಿಂದ ಕೋರ್ ಮಟ್ಟದಾಗ ಇರತೈತಿ. ಮೂರು ಅಂತ ಕಂಡು ಮೂರು ಗಾಡಿ ಚಿತ್ರ ಹಾಕಬ್ಯಾಡ್ರಿ.