ಫೈನಲ್ ಫ್ಯಾಂಟಸಿ 7ರ ಕಾದಂಬರಿ: ಗೇಮ್ ಆಡದ ತಂಗಿಗೆ ಕೊಡಬಹುದಾ?

ಮಂಜು_ಸೆಕ್ಟರ್7:
1997ರ ಹಳೇ ಗೇಮ್ ಎರಡು ಸಲ ಆಡಿದೀನಿ, ರೀಮೇಕ್ ಮೊನ್ನೆ ಮುಗಿಸಿದೆ. ಈಗ ಕಜುಶಿಗೆ ನೊಜಿಮಾ ಬರೆದಿರೋ ‘ಟ್ರೇಸಸ್ ಆಫ್ ಟೂ ಪಾಸ್ಟ್ಸ್’ ತರಿಸಬೇಕು ಅಂತಿದೀನಿ. ನನಗಷ್ಟೇ ಅಲ್ಲ, ತಂಗಿಗೂ. ಪಿಯುಸಿ ಓದ್ತಿದಾಳೆ, ಇಂಗ್ಲಿಷ್ ಕಾದಂಬರಿ ಸರಾಗವಾಗಿ ಓದ್ತಾಳೆ, ಕಂಟ್ರೋಲರ್ ಮಾತ್ರ ಮುಟ್ಟಲ್ಲ. ನಾನು ಆಡುವಾಗ ಏರಿತ್ ಅನ್ನೋ ಹುಡುಗಿಯ ಪಾತ್ರ ತೆರೆ ಮೇಲೆ ಬಂದ್ರೆ ಪಕ್ಕದಲ್ಲಿ ಬಂದು ಕೂರ್ತಿದ್ಳು. ಅವಳಿಗೆ ಪುಸ್ತಕ ಅರ್ಥ ಆಗುತ್ತಾ? ಇನ್ನೊಂದು, ಹಳೇ ಗೇಮಲ್ಲಿ ಮುಂದೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿಲ್ಲ. ಪುಸ್ತಕದಲ್ಲಿ ಅದು ಬರುತ್ತಾ?

ರಾತ್ರಿಪಾಳಿ:
ಕೊಡಿ ಮಂಜು, ಧೈರ್ಯವಾಗಿ ಕೊಡಿ. ನೀವು ಹೆದರ್ತಿರೋದು ಇದರಲ್ಲಿ ಬರಲ್ಲ. ಮಿಡ್ಗಾರ್ ಅನ್ನೋ ನಗರ ಬಿಟ್ಟು ಹೊರಟ ಮೇಲೆ ಗೇಮಿನ ನಾಯಕಿಯರಾದ ಟೀಫಾ, ಏರಿತ್ ಇಬ್ಬರೂ ತಮ್ಮ ಹಿಂದಿನದನ್ನ ಹೇಳಿಕೊಳ್ಳೋದಷ್ಟೇ ಕಥೆ.

ನಾನು ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಲ್ಲಿ ಕೂರೋಳು. ಇದನ್ನ ಓದಿದ್ದೂ ಅಲ್ಲೇ, ರಾತ್ರಿ ಪಾಳಿಯಲ್ಲಿ. ಟೀಫಾಳ ಊರು ನಿಬೆಲ್‌ಹೈಮ್ ಸುಟ್ಟುಹೋಗುತ್ತೆ, ಕತ್ತಿಯೇಟು ತಿಂದ ಹದಿನೈದರ ಹುಡುಗೀನ ಗುರು ಜಾಂಗನ್ ಉಳಿಸ್ತಾನೆ. ಐದು ವರ್ಷದ ಮೇಲೆ ಅವಳು ಮಿಡ್ಗಾರಲ್ಲಿ ಬಾರ್ ನೋಡ್ಕೊಳ್ತಿರ್ತಾಳೆ. ಆ ಗಾಯ ಹೊಲಿದವರು ಯಾರು, ದುಡ್ಡು ಯಾರು ಕಟ್ಟಿದ್ರು ಅಂತ ಆಡುವಾಗ ನನಗೆ ಒಂದು ಸಲವೂ ಹೊಳೀಲಿಲ್ಲ. ಕಾದಂಬರಿಯಲ್ಲಿ ಅವಳ ತಲೆ ಮೇಲೆ ಚಿಕಿತ್ಸೆಯ ಸಾಲ ಇದೆ. ಊರಿಲ್ಲ, ಅಪ್ಪ ಇಲ್ಲ, ಸಾಲ ಮಾತ್ರ ಉಳಿದಿದೆ. ಅದನ್ನ ತೀರಿಸೋಕೆ ಆ ಹುಡುಗಿ ದುಡೀತಾಳೆ. ಡಿಸ್ಚಾರ್ಜ್ ಚೀಟಿ ಹಿಡ್ಕೊಂಡು ನನ್ನ ಕಿಟಕಿ ಹತ್ರ ಬಂದು, ಮೊತ್ತದ ಮೇಲೆ ಬೆರಳಿಟ್ಟು ಇನ್ನೊಂದು ಸಲ ಮೆಲ್ಲಗೆ ಓದೋರನ್ನ ದಿನಾ ನೋಡ್ತೀನಿ. ಆ ಪುಟಗಳಲ್ಲಿ ಟೀಫಾ ನನಗೆ ಹಾಗೇ ಕಂಡಳು. ಗೇಮಲ್ಲಿ ಅವಳು ಮುಷ್ಟಿ ಬಿಗಿದಾಗೆಲ್ಲ ಈಗ ಅದೇ ನೆನಪಾಗುತ್ತೆ.

ಏರಿತ್ ಭಾಗಕ್ಕೆ ಸ್ವಲ್ಪ ತಯಾರಿ ಬೇಕು. ಮಿಡ್ಗಾರಲ್ಲಿ ಉಳ್ಳವರು ಪ್ಲೇಟ್ ಅನ್ನೋ ಎತ್ತರದ ಹಾಸಿನ ಮೇಲೆ, ಬಡವರು ಕೆಳಗಿನ ಸ್ಲಂನಲ್ಲಿ ಇರ್ತಾರೆ. ಶಿನ್ರಾ ಕಂಪನಿ ಭೂಮಿಯ ಜೀವಶಕ್ತಿಯನ್ನೇ ಹೀರಿ ಕರೆಂಟ್ ಮಾಡುತ್ತೆ. ಇಷ್ಟು ಹೇಳಿ ಸಾಕು. ಆಮೇಲೆ ರೀಮೇಕಲ್ಲಿ ಪ್ಲೇಟ್ ಬಿದ್ದ ಮೇಲೆ ಏರಿತ್‌ಳ ಸಾಕಮ್ಮ ಎಲ್ಮೈರಾ ಮನೆಯಲ್ಲಿ ಕೂತು ಹೇಳೋ ದೃಶ್ಯ ಇದೆಯಲ್ಲ, ಅದೊಂದು ತೋರಿಸಿ. ಯುದ್ಧಕ್ಕೆ ಹೋದ ಗಂಡನಿಗಾಗಿ ಕಾಯ್ತಿದ್ದೋಳಿಗೆ ಸ್ಟೇಷನ್‌ನಲ್ಲಿ ಸಿಗೋದು ಸಾಯ್ತಿರೋ ಹೆತ್ತಮ್ಮ ಇಫಾಲ್ನಾ, ಪಕ್ಕದಲ್ಲಿ ಪುಟ್ಟ ಮಗಳು ಏರಿತ್. ಗೇಮಲ್ಲಿ ಅದು ಕೆಲವು ನಿಮಿಷದ ಮಾತು, ಅದೂ ಅಮ್ಮನ ಬಾಯಲ್ಲಿ. ಪುಸ್ತಕದಲ್ಲಿ ಮಗಳ ಕಡೆಯಿಂದ ನೋಡ್ತೀವಿ. ಶಿನ್ರಾದ ಕೋಣೆಯೊಳಗೇ ಬೆಳೆದ ಮಗುವಿಗೆ ಹೊರಗಿನದೆಲ್ಲ ಹೊಸದು, ಹೊಸ ಅಮ್ಮನೂ ಸೇರಿ. ಅವರಿಬ್ಬರೂ ಒಬ್ಬರಿಗೊಬ್ಬರು ಒಗ್ಗಿಕೊಳ್ಳೋದನ್ನ ನೊಜಿಮಾ ಅವಸರ ಮಾಡದೆ ಬರೆದಿದಾರೆ. ಮೂರನೇ ಭಾಗ ಚಿಕ್ಕದು, ನನಗೆ ಅಷ್ಟೇನೂ ಹಿಡಿಸಲಿಲ್ಲ.

ಹಳೇಮೆಮೊರಿಕಾರ್ಡ್:
ಮೇಡಂ ಹೇಳಿದ್ದು ಸರಿ. ಆದ್ರೂ ನೊಜಿಮಾ ಬರೆದಿದ್ದರಲ್ಲಿ ನನ್ನ ಆಯ್ಕೆ ‘ಆನ್ ದ ವೇ ಟು ಎ ಸ್ಮೈಲ್’. ಜಪಾನಿನಲ್ಲಿ 2009ರಲ್ಲಿ ಬಂತು, ಇಂಗ್ಲಿಷ್ ಅನುವಾದಕ್ಕೆ 2018ರವರೆಗೆ ಕಾದ್ವಿ. ಅದರಲ್ಲಿ ಡೆನ್ಜೆಲ್ ಅನ್ನೋ ಹುಡುಗನ ಕಥೆ ಇದೆ. ಪ್ಲೇಟ್ ಬಿದ್ದಾಗ ಅಪ್ಪ ಅಮ್ಮನ್ನ ಕಳ್ಕೊಂಡೋನನ್ನ ರೂವಿ ಅನ್ನೋ ಒಂಟಿ ಹೆಂಗಸು ಸಾಕ್ತಾಳೆ. ಆ ಪ್ಲೇಟ್ ಬೀಳೋದನ್ನ ನಾವು ಆಡಿ ನೋಡಿದೀವಿ, ಕೆಳಗೆ ಮೇಲೆ ಸತ್ತೋರ ಮನೆ ಮಕ್ಕಳು ಏನಾದ್ರು ಅಂತ ಅಲ್ಲೇ ಗೊತ್ತಾಗೋದು. ಆದ್ರೆ ಮಂಜು, ಅದು ಗೇಮ್ ಮುಗಿದ ಮೇಲಿನ ಕಥೆ. ತಂಗಿ ಕೈಗೆ ಈಗ ಕೊಡಬೇಡಿ.

ಮಂಜು_ಸೆಕ್ಟರ್7:
ಇಬ್ಬರಿಗೂ ಥ್ಯಾಂಕ್ಸ್. ರಾತ್ರಿಪಾಳಿ ಅಕ್ಕಾ, ನಿನ್ನೆ ಊಟ ಆದ್ಮೇಲೆ ಎಲ್ಮೈರಾ ದೃಶ್ಯ ತೋರಿಸಿದೆ. ತಂಗಿ ಕೇಳಿದ್ದು ಒಂದೇ: ಆ ಹುಡುಗಿ ಮನೆಗೆ ಬಂದ ಮೇಲೂ ಅಮ್ಮ ಸ್ಟೇಷನ್‌ಗೆ ಹೋಗ್ತಿದ್ಳಾ? ನನಗೆ ಗೊತ್ತಿರಲಿಲ್ಲ. ಪುಸ್ತಕ ಬುಕ್ ಮಾಡಿದೀನಿ, ಮೊದಲು ಅವಳೇ ಓದಲಿ.