ಐಜಿಐ ಆಡಿ ಬೆಳೆದವರಿಗೆ ಈಗ ಯಾವ ಗೇಮ್ ಹಿಡಿಸಿತು?

ಕ್ಯಾತ್ಸಂದ್ರದವನು:

ಎಲ್ಲರಿಗೂ ನಮಸ್ಕಾರ. ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಈಗ ತಾನೇ ತಗೊಂಡಿದ್ದೇನೆ. ಹಬ್ಬಕ್ಕೆ ರಜೆ ಇದೆ. ಒಂದೇ ಒಂದು ಗೇಮ್ ಕೊಳ್ಳಬೇಕು. ಹಳೇ ಗೇಮ್‌ನ ಮುಂದಿನ ಭಾಗ ಆದರೂ ಸರಿ, ಅದನ್ನೇ ಹೊಸದಾಗಿ ಕಟ್ಟಿದ್ದಾದರೂ ಸರಿ. ನನಗೆ ಏನು ಬೇಕು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಮೇಲೆ ನೀವು ಹೇಳಿ.

ನಾನು ಆಡಿ ಬೆಳೆದದ್ದು ಪ್ರಾಜೆಕ್ಟ್ ಐಜಿಐ. 2000ನೇ ಇಸವಿಯ ಕೊನೆಗೆ ಬಂದ ಬಂದೂಕಿನ ಗೇಮ್, ಶತ್ರುಗಳ ಬೇಸ್‌ಗೆ ಒಬ್ಬರೇ ನುಗ್ಗುವುದು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಒಂದು ಸೈಬರ್ ಇತ್ತು. ಕಿಟಕಿ ಪಕ್ಕದ ಕಂಪ್ಯೂಟರಿನ ಹೆಡ್‌ಫೋನ್‌ನಲ್ಲಿ ಎಡಗಡೆ ಮಾತ್ರ ಕೇಳಿಸುತ್ತಿತ್ತು. ಹಾಗಾಗಿ ಬೂಟಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುತ್ತಿರಲಿಲ್ಲ. ಆದರೂ ಅದೇ ಸೀಟಿಗೆ ಕಾಯುತ್ತಿದ್ದೆವು. ಆ ಒಂದರಲ್ಲೇ ಗೇಮ್ ತಡೆಯದೆ ಓಡುತ್ತಿತ್ತು.

ಐಜಿಐನಲ್ಲಿ ಮಿಷನ್ ಮಧ್ಯೆ ಸೇವ್ ಮಾಡೋಕೆ ಆಗಲ್ಲ. ಸತ್ತರೆ ಮೊದಲಿಂದ. ಕರೆಂಟ್ ಹೋದರೂ ಮೊದಲಿಂದ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಹೊತ್ತಿಗೆ ಮುಂಚೆ ಮುಗಿಸಬೇಕು ಅಂತ ಗಡಿಯಾರ ನೋಡಿಕೊಂಡೇ ಮಿಷನ್ ಶುರು ಮಾಡುತ್ತಿದ್ದೆವು. ಅದನ್ನು ಎಲ್ಲರೂ ಗೇಮ್‌ನ ದೋಷ ಅಂತಾರೆ. ನನಗೆ ಅದೇ ಅದರ ಜೀವ. ಗುಡ್ಡದ ಮೇಲೆ ಮಲಗಿ, ಬೈನಾಕ್ಯುಲರ್‌ನಲ್ಲಿ ಕೆಳಗಿನ ಬೇಸ್ ನೋಡಬೇಕು. ಕ್ಯಾಮೆರಾ ಎಲ್ಲಿದೆ, ಸೈರನ್ ಎಲ್ಲಿದೆ, ಯಾವ ಮನೆಯಿಂದ ಸೈನಿಕರು ಓಡಿ ಬರುತ್ತಾರೆ ಅಂತ ಲೆಕ್ಕ ಹಾಕಬೇಕು. ಒಂದು ಗುಂಡು ಹಾರಿಸುವ ಮುಂಚೆ ಕೈ ಬೆವರುತ್ತಿತ್ತು.

ಆ ಜಾಗ ಅಷ್ಟು ದೊಡ್ಡದಾಗಿ ಯಾಕೆ ಇತ್ತು ಅಂತ ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಅದನ್ನು ಮಾಡಿದ ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋ ಮೊದಲು ಜಾಯಿಂಟ್ ಸ್ಟ್ರೈಕ್ ಫೈಟರ್ ಅನ್ನೋ ವಿಮಾನದ ಗೇಮ್ ಮಾಡಿತ್ತು. ಅದರ ಎಂಜಿನ್, ಅಂದರೆ ಗೇಮ್ ಓಡಿಸುವ ಮೂಲ ಸಾಫ್ಟ್‌ವೇರ್, ಅದರ ಮೇಲೇ ಐಜಿಐ ಕಟ್ಟಿದರು. ಆಕಾಶದಿಂದ ನೋಡಲು ಮಾಡಿದ ನೆಲದ ಮೇಲೆ ನಮ್ಮನ್ನು ಒಬ್ಬರೇ ನಡೆಯೋಕೆ ಬಿಟ್ಟರು. ಬೇಲಿಯ ಆಚೆ ಸುಮ್ನೆ ನಡೆದುಕೊಂಡು ಹೋದರೆ ಬೆಟ್ಟ, ಮತ್ತೆ ಬೆಟ್ಟ. ಮಾಡೋಕೆ ಅಲ್ಲಿ ಏನೂ ಇರಲಿಲ್ಲ. ಆದರೂ ಹೋಗುತ್ತಿದ್ದೆ.

2003ರಲ್ಲಿ ಐಜಿಐ 2 ಬಂತು. ಮಧ್ಯೆ ಸೇವ್ ಕೊಟ್ಟರು, ಅದೂ ಇಷ್ಟೇ ಸಲ ಅಂತ ಮಿತಿ ಹಾಕಿ. ಚೆನ್ನಾಗಿತ್ತು. ಆಮೇಲೆ ಕಾಯೋದೇ ಆಯ್ತು. 2019ರಲ್ಲಿ ಐಜಿಐ ಒರಿಜಿನ್ಸ್ ಅಂತ ಒಂದನ್ನು ಘೋಷಿಸಿದಾಗ ಸೈಬರ್‌ನ ಹಳೇ ಗೆಳೆಯರಿಗೆಲ್ಲ ಫೋನ್ ಮಾಡಿದ್ದೆ. ಅದನ್ನು ಆಡುವ ದಿನ ಬರಲೇ ಇಲ್ಲ.

ಹೀಗೆ ಬಹಳ ವರ್ಷ ಕಾಯಿಸಿ ಬಂದ ಗೇಮ್‌ಗಳಲ್ಲಿ, ಆ ಜಾಗದೊಳಗೆ ಒಬ್ಬರೇ ನಿಂತಿದ್ದೀವಿ ಅನ್ನೋ ಅನುಭವ ಯಾವುದು ಉಳಿಸಿಕೊಂಡಿದೆ? ಬಂದೂಕು ಇರಲೇಬೇಕು ಅಂತೇನಿಲ್ಲ.

ಬಂಗಾರಪೇಟೆ ಕಮಾಂಡೊ:

ಅಣ್ಣಾ, ಕಮಾಂಡೋಸ್ ಒರಿಜಿನ್ಸ್ ತಗೊಳ್ಳಿ. 2025ರ ಏಪ್ರಿಲ್‌ನಲ್ಲಿ ಬಂತು. ಮೊದಲ ಕಮಾಂಡೋಸ್ 1998ರದ್ದು, ಸ್ಪೇನ್‌ನ ಪೈರೋ ಸ್ಟುಡಿಯೋಸ್ ಮಾಡಿದ್ದು. ಇದನ್ನು ಬೇರೆಯವರು ಮಾಡಿದ್ದಾರೆ, ಆದರೆ ಹಳೆಯದನ್ನು ಪ್ರೀತಿಯಿಂದ ಆಡಿದವರು ಮಾಡಿದ್ದು ಅಂತ ಗೊತ್ತಾಗುತ್ತೆ. ಗ್ರೀನ್ ಬೆರೆ, ಸ್ನೈಪರ್, ಸ್ಪೈ, ಡ್ರೈವರ್, ಈಜುವವನು, ಬಾಂಬ್ ಇಡುವವನು, ಆ ಆರು ಜನ ಮೊದಲು ಹೇಗೆ ಸೇರಿದರು ಅನ್ನೋದೇ ಕಥೆ. ಶತ್ರು ಸೈನಿಕನ ನೋಟ ಎಲ್ಲಿವರೆಗೆ ಅಂತ ತೋರಿಸುವ ಆ ತ್ರಿಕೋನ ಈಗಲೂ ಇದೆ. ತೆವಳಿಕೊಂಡು ಅದರ ಅಂಚು ಮುಟ್ಟಿದಾಗ ಉಸಿರು ಬಿಗಿ ಹಿಡಿಯುವುದೂ ಹಾಗೇ ಇದೆ.

ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಆಡಬಹುದು. ನಾನು, ನನ್ನ ತಮ್ಮ ಭಾನುವಾರ ಕೂತರೆ ಮಧ್ಯಾಹ್ನದ ಊಟಕ್ಕೆ ಅಮ್ಮ ಬಂದು ಎಬ್ಬಿಸಬೇಕು. ಮೊದಲು ಅವನು ಪಕ್ಕ ಕೂತು "ಎಡಕ್ಕೆ ನೋಡು, ಎಡಕ್ಕೆ ನೋಡು" ಅಂತಿದ್ದ. ಈಗ ಅವನ ಕೈಯಲ್ಲೂ ಒಬ್ಬ ಸೈನಿಕ ಇದ್ದಾನೆ.

ಗುಬ್ಬಿ ಗೇಮರ್:

ಹಾಫ್-ಲೈಫ್ ಬಗ್ಗೆ ಯಾರೂ ಹೇಳಲಿಲ್ಲ! ಆ ಸರಣಿಯ 2007ರ ಎಪಿಸೋಡ್ ಟೂ ಕಥೆಯನ್ನು ನಟ್ಟ ನಡುವೆ ನಿಲ್ಲಿಸಿತು. 2020ರಲ್ಲಿ ಅದೇ ಸರಣಿಯ ಅಲಿಕ್ಸ್ ಬಂದಾಗ ಅದನ್ನು ಆಡೋಕೆ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಬೇಕಾಯ್ತು. ಗೆಳೆಯನೊಬ್ಬನ ಹತ್ತಿರ ಇತ್ತು, ಆಡಿದೆ. ಕಪಾಟಿನ ಬಾಗಿಲು ಕೈಯಿಂದ ತೆಗೆದು ಒಳಗೆ ಗುಂಡು ಹುಡುಕುವುದು ಇದೆಯಲ್ಲ, ಅಷ್ಟು ಒಳಗೆ ಬೇರೆ ಯಾವ ಗೇಮ್ ನನ್ನನ್ನು ಕರೆದುಕೊಂಡು ಹೋಗಿಲ್ಲ. ಆದರೆ ಖರ್ಚು ಜಾಸ್ತಿ. ನಿಮ್ಮ ರಜೆಗೆ ಆಗಲ್ಲ.

ಡ್ಯೂಕ್ ನ್ಯೂಕೆಮ್ ಫಾರೆವರ್ ಕಡೆ ಮಾತ್ರ ಹೋಗಬೇಡಿ. 1997ರಲ್ಲಿ ಘೋಷಿಸಿ 2011ರಲ್ಲಿ ಕೊಟ್ಟರು. ಅಷ್ಟು ಕಾದವರಿಗೆ ಅದು ಅನ್ಯಾಯ.

ಚಿಂತಾಮಣಿ ಗಣಿತ ಟೀಚರ್:

ನೀವು ಕೇಳಿದ್ದಕ್ಕೆ ನನ್ನ ಉತ್ತರ ರಿವೆನ್, ಒಗಟು ಬಿಡಿಸುವ ಗೇಮ್. ಹೊಸದಾಗಿ ಕಟ್ಟಿದ್ದು 2024ರಲ್ಲಿ ಬಂದಿದೆ.

1993ರ ಮಿಸ್ಟ್ ಮಾಡಿದ ಸಯಾನ್ ಕಂಪನಿಯದ್ದೇ ಇದು. ಮೂಲ ರಿವೆನ್ 1997ರಲ್ಲಿ ಐದು ಸಿ.ಡಿ.ಗಳಲ್ಲಿ ಬಂತು. ನಮ್ಮ ಚಿಕ್ಕಪ್ಪ ಬೆಂಗಳೂರಿನಿಂದ ತಂದಿದ್ದರು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋದರೆ ಸಿ.ಡಿ. ಬದಲಿಸಬೇಕು. ಎಲ್ಲಾ ನಿಂತ ಚಿತ್ರಗಳು, ಕ್ಲಿಕ್ ಮಾಡಿದರೆ ಮುಂದಿನ ಚಿತ್ರ. ನೀರಿನ ಸದ್ದು, ಯಾವುದೋ ಯಂತ್ರದ ಸದ್ದು, ಬಿಟ್ಟರೆ ಯಾರೂ ಇಲ್ಲ. ಅಟ್ಟಿಸಿಕೊಂಡು ಬರುವವರೂ ಇಲ್ಲ.

ಅಲ್ಲೊಂದು ಶಾಲೆಯ ಕೋಣೆ ಇದೆ. ಮಕ್ಕಳಿಗೆ ಅಂಕಿ ಕಲಿಸುವ ಆಟಿಕೆ ಇದೆ. ಅದನ್ನು ಆಡಿಸುತ್ತಾ ಕೂತರೆ ಆ ಲೋಕದ ಅಂಕಿಗಳು ನಮಗೂ ಬರುತ್ತವೆ. ನಮ್ಮದು ಹತ್ತರ ಲೆಕ್ಕ, ಅವರದ್ದು 25ರ ಲೆಕ್ಕ. ಯಾರೂ ಪಾಠ ಮಾಡಲ್ಲ, ನಾವೇ ಕಂಡುಕೊಳ್ಳಬೇಕು. ನಾನು ಗಣಿತ ಟೀಚರ್ ಆಗಿದ್ದಕ್ಕೆ ಆ ಆಟಿಕೆಗೂ ಪಾಲಿದೆ, ಇದು ನಿಜವಾಗಿ ಹೇಳುತ್ತಿದ್ದೇನೆ. ತರಗತಿಯಲ್ಲಿ ಇವತ್ತಿಗೂ ಸ್ಥಾನಬೆಲೆ ಕಲಿಸುವಾಗ ಮೊದಲು ಮಕ್ಕಳ ಕೈಗೆ ವಸ್ತು ಕೊಡುತ್ತೇನೆ, ಆಮೇಲೆ ಮಾತು.

ಹೊಸ ರಿವೆನ್‌ನಲ್ಲಿ ಬೇಕಾದ ಕಡೆ ನಡೆಯಬಹುದು, ತಿರುಗಿ ನೋಡಬಹುದು. ಒಗಟುಗಳನ್ನೂ ಬದಲಿಸಿದ್ದಾರೆ. ಹಳೆಯ ಉತ್ತರ ನೆನಪಿದ್ದರೂ ಮತ್ತೆ ಯೋಚಿಸಲೇಬೇಕು. ನನಗೆ ಅದು ತುಂಬಾ ಇಷ್ಟವಾಯ್ತು.

ಕ್ಯಾತ್ಸಂದ್ರದವನು:

ಬಂಗಾರಪೇಟೆಯವರೇ, ಕಮಾಂಡೋಸ್ ನನಗೂ ಪ್ರಾಣ. ಆದರೆ ಅಲ್ಲಿ ನಾನು ಮೇಲಿಂದ ನೋಡುತ್ತೇನೆ. ನನಗೆ ನೆಲದ ಮೇಲೆ ನಿಲ್ಲಬೇಕು. ತಮ್ಮ ಇದ್ದಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ.

ಟೀಚರ್, ಸೇವ್ ಇಲ್ಲದ ಭಯದ ಬದಲು ಅಲ್ಲಿ ಏನಿದೆ? ಒಗಟು ಬಿಡಿಸದೆ ಸಿಕ್ಕಿಹಾಕಿಕೊಂಡರೆ ಬೇಜಾರಾಗಲ್ವಾ?

ಚಿಂತಾಮಣಿ ಗಣಿತ ಟೀಚರ್:

ಆಗುತ್ತೆ. ಆಗ ಲ್ಯಾಪ್‌ಟಾಪ್ ಮುಚ್ಚಿ ಬೇರೆ ಕೆಲಸ ಮಾಡಿ. ಪಾತ್ರೆ ತೊಳೆಯುವಾಗ ಥಟ್ ಅಂತ ಹೊಳೆಯುತ್ತೆ. ನೀವು ಬೈನಾಕ್ಯುಲರ್‌ನಲ್ಲಿ ಬೇಸ್ ನೋಡಿ ಲೆಕ್ಕ ಹಾಕುತ್ತಿದ್ದಿರಲ್ಲ, ಇಲ್ಲಿ ಪೂರ್ತಿ ಅದೇ ಕೆಲಸ. ಗುಂಡು ಹಾರಿಸುವುದು ಮಾತ್ರ ಇಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಕಂಡ ಗುರುತನ್ನೆಲ್ಲ ಬರೆದುಕೊಳ್ಳಿ. ಯೂಟ್ಯೂಬ್‌ನಲ್ಲಿ ಉತ್ತರ ನೋಡಬೇಡಿ, ದಯವಿಟ್ಟು.

ಕ್ಯಾತ್ಸಂದ್ರದವನು:

ಸರಿ ಟೀಚರ್, ರಿವೆನ್ ತಗೊಳ್ಳುತ್ತೇನೆ. ಹೆಡ್‌ಫೋನ್ ಕೂಡ ಹೊಸದು ಆರ್ಡರ್ ಮಾಡಿದ್ದೇನೆ. ಗುಬ್ಬಿಯವರೇ, ನಿಮ್ಮ ಗೆಳೆಯನ ಹೆಡ್‌ಸೆಟ್ ಇನ್ನೂ ಇದ್ದರೆ ಒಂದು ಭಾನುವಾರ ಬರಬಹುದಾ? ತುಮಕೂರಿಂದ ರೈಲಿಗೆ ಹತ್ತಿದರೆ ಬಂದೇ ಬಿಡುತ್ತೇನೆ.

ಗುಬ್ಬಿ ಗೇಮರ್:

ಬನ್ನಿ ಬನ್ನಿ. ಮುಂದಿನ ವಾರ ಅವನು ಊರಲ್ಲೇ ಇರುತ್ತಾನೆ, ಕೇಳಿ ಹೇಳುತ್ತೇನೆ.