ಪದಚರ್ಚೆ: ‘ಅಪಾಯ’ ಅನ್ನೋಣವೋ, ‘ಭಯ’ ಅನ್ನೋಣವೋ?

ಗೆಳೆಯರೇ, ನಮಸ್ಕಾರ. ಚಿತ್ರದುರ್ಗದಿಂದ ಒಂದು ಪ್ರಶ್ನೆ: ಕಾಯಿಲೆಯ ಮಾತಿನಲ್ಲಿ ಬರುವ ಇಂಗ್ಲಿಷಿನ ‘ರಿಸ್ಕ್’ಗೆ ಕನ್ನಡದಲ್ಲಿ ಯಾವ ಪದ ಹಾಕೋಣ?

ನನ್ನ ಅಕ್ಕನ ಮಗಳಿಗೆ 24 ವರ್ಷ. ಅವಳಿಗೆ ತಕಯಾಸು ಅನ್ನೋ ಕಾಯಿಲೆ ಇದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅದರ ಕವಲುಗಳು, ಇವುಗಳ ಗೋಡೆ ಒಳಗೊಳಗೇ ದಪ್ಪವಾಗಿ ರಕ್ತ ಹರಿಯುವ ದಾರಿ ಕಿರಿದಾಗುತ್ತದೆ. 1908ರಲ್ಲಿ ಇದನ್ನು ವರದಿ ಮಾಡಿದ ಮಿಕಿಟೊ ತಕಯಾಸು ಜಪಾನಿನ ಕಣ್ಣಿನ ಡಾಕ್ಟರು.

ಡಾಕ್ಟರು ಕೊಟ್ಟ ಇಂಗ್ಲಿಷ್ ಹಾಳೆಯನ್ನು ಅಕ್ಕನಿಗಾಗಿ ಕನ್ನಡದಲ್ಲಿ ಬರೆಯಲು ಕೂತೆ. ‘ರಕ್ತನಾಳಗಳ ಉರಿಯೂತ ಇರುವವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚು’ ಅಂತ ಬರೆದು ಓದಿದೆ. ಅಕ್ಕ ಕೈಲಿದ್ದ ಮೊರ ಕೆಳಗಿಟ್ಟಳು. “ಅಪಾಯ ಅಂತ ಬರ್ದವ್ರಲ್ಲೋ, ಈಗ್ಲೇ ದಾವಣಗೆರೆಗೆ ಕರ್ಕೊಂಡು ಹೋಗೋಣ್ವಾ?” ಅಂದಳು.

ತಪ್ಪು ಅವಳದಲ್ಲ, ನನ್ನ ಪದದ್ದು. ನದಿ ‘ಅಪಾಯದ ಮಟ್ಟ’ ಮೀರುತ್ತದೆ, ಜನ ‘ಪ್ರಾಣಾಪಾಯ’ದಿಂದ ಪಾರಾಗುತ್ತಾರೆ. ಅಪಾಯ ಅಂದರೆ ಅದು ಬಾಗಿಲಲ್ಲೇ ಬಂದು ನಿಂತಿರಬೇಕು. ‘ಸಾಧ್ಯತೆ’ ತೀರಾ ಹಗುರ. ಮಳೆ ಬರುವ ಸಾಧ್ಯತೆ ಅಂತ ರೇಡಿಯೋ ಹೇಳಿದರೆ ನಮ್ಮ ಚಳ್ಳಕೆರೆ ಕಡೆ ಯಾರೂ ಕೊಡೆ ತಗೊಳ್ಳುವುದಿಲ್ಲ. ‘ಕಂಟಕ’ ಅಂದರೆ ಅಕ್ಕ ಶಾಂತಿ ಮಾಡಿಸಲು ಹೊರಡುತ್ತಾಳೆ, ಬಿಪಿ ನೋಡಿಸಲು ಅಲ್ಲ.

ಆಗ ನೆನಪಾಗಿದ್ದು ‘ಭಯ’. ಇಲ್ಲಿನ ಜೋಗಿಮಟ್ಟಿ ಗುಡ್ಡದ ಕಡೆ ಸಂಜೆ ಮೇಲೆ ಕರಡಿ ಭಯ ಇದೆ ಅನ್ನುತ್ತೇವೆ. ಇವತ್ತೇ ಕರಡಿ ಬರುತ್ತದೆ ಅಂತ ಅರ್ಥವಲ್ಲ. ಸುಮ್ನೆ ಹೆದರಿಸುವುದೂ ಅಲ್ಲ. ಹೋಗುವುದಾದರೆ ಬೆಳಕಿರುವಾಗ ಹೋಗು, ಜೊತೆಗೊಬ್ಬರಿರಲಿ ಅಂತ. ಡಾಕ್ಟರು ಹೇಳಿದ್ದೂ ಇದೇ ತಾನೇ? ನಾಳದ ಕೆಟ್ಟ ಗೋಡೆಗೆ ಕೊಬ್ಬು ಬೇಗ ಹತ್ತುತ್ತದೆ. ಕಿಡ್ನಿಗೆ ಹೋಗುವ ನಾಳ ಕಿರಿದಾದರೆ ಬಿಪಿ ಏರುತ್ತದೆ. ಕಾಯಿಲೆ ತಡೆಯಲು ಕೊಡುವ ಸ್ಟೀರಾಯ್ಡ್ ಕೂಡ ಬಿಪಿ, ಶುಗರ್ ಏರಿಸಬಹುದು. ಹಾಗಂತ ಮಾತ್ರೆಯನ್ನು ನಾವೇ ನಿಲ್ಲಿಸುವ ಹಾಗಿಲ್ಲ. ಆಗಾಗ ಎಲ್ಲ ನೋಡಿಸುತ್ತಾ ಇರಬೇಕು.

ಆದರೆ ಇಲ್ಲೊಂದು ತೊಡಕು. ‘ಅವಳಿಗೆ ಕರಡಿ ಭಯ’ ಅಂದರೆ ಅವಳು ಹೆದರುತ್ತಾಳೆ ಅಂತ. ‘ಆ ಗುಡ್ಡದಲ್ಲಿ ಕರಡಿ ಭಯ’ ಅಂದರೆ ಗುಡ್ಡದಲ್ಲಿ ಕರಡಿ ಇದೆ ಅಂತ. ಪದ ಒಂದೇ, ವಿಭಕ್ತಿ ಬದಲಾದರೆ ಅರ್ಥವೇ ಬದಲು. ಹಾಗಾಗಿ ‘ಅವಳಿಗೆ ಹಾರ್ಟ್ ಅಟ್ಯಾಕಿನ ಭಯ ಇದೆ’ ಅಂತ ಬರೆದರೆ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದ ಹಾಗಾಗುತ್ತದೆ. ‘ಈ ಕಾಯಿಲೆಯಲ್ಲಿ ಹಾರ್ಟ್ ಅಟ್ಯಾಕು, ಲಕ್ವದ ಭಯ ಜಾಸ್ತಿ’ ಅಂದರೆ ಸರಿಹೋಗುತ್ತದೆ ಅಂತ ನನ್ನ ಅನಿಸಿಕೆ. ‘ಹೃದಯದ ಭಯ’ವಂತೂ ಬೇಡವೇ ಬೇಡ, ಕರಡಿಯ ಹಾಗೆ ಮೇಲೆ ಬೀಳುವುದು ಹೃದಯವಲ್ಲ.

ಇಂಗ್ಲಿಷಿನ ‘ಇನ್‌ಫ್ಲಮೇಶನ್’ಗೆ ಹಾಕಿದ ‘ಉರಿಯೂತ’ದ ಮೇಲೂ ನನಗೆ ತಕರಾರಿದೆ. ಉರಿ, ಊತ ಎರಡೂ ಸೇರಿದ ಒಳ್ಳೇ ಪದವೇ. ವೈದ್ಯದ ಬಗ್ಗೆ ಬರೆದ ರೋಮಿನ ಸೆಲ್ಸಸ್ ಸುಮಾರು 2000 ವರ್ಷದ ಹಿಂದೆ ಇದಕ್ಕೆ ಹೇಳಿದ ನಾಲ್ಕು ಗುರುತುಗಳಲ್ಲಿ, ಅಂದರೆ ಕೆಂಪು, ಊತ, ಬಿಸಿ, ನೋವುಗಳಲ್ಲಿ, ಎರಡು ಇದರೊಳಗೇ ಇವೆ. ಆದರೆ ಹುಡುಗಿ ಕೇಳುತ್ತಾಳೆ, “ಮಾಮ, ನಂಗೆ ಎಲ್ಲೂ ಉರೀನೂ ಇಲ್ಲ, ಊದಿಕೊಂಡೂ ಇಲ್ಲ.” ‘ನಾಳದ ಗೋಡೆ ಬಾತಿದೆ’ ಅಂದರೆ ಆದೀತಾ? ‘ನರ’ ಅನ್ನುವ ಹಾಗಿಲ್ಲ. ನರ್ಸಮ್ಮ ಸೂಜಿ ಹಿಡಿದು ಹುಡುಕುವುದೂ ನರವೇ, ನರದ ಡಾಕ್ಟರು ನೋಡುವುದೂ ನರವೇ. ನಾವು ಮೊದಲು ತಪ್ಪು ಡಾಕ್ಟರ ಹತ್ತಿರ ಹೋಗಿ ಒಂದು ತಿಂಗಳು ಕಳೆದಿದ್ದು ಆ ಪದದಿಂದಲೇ.

ಇದಕ್ಕೆ ‘ನಾಡಿ ಸಿಗದ ಕಾಯಿಲೆ’ ಅಂತಲೂ ಹೆಸರಿದೆ, ಕೈಯಲ್ಲಿ ಮಿಡಿತ ಅಷ್ಟು ಸಣ್ಣಗಾಗಬಹುದು. ಅದನ್ನು ನಾನು ಬರೆಯಲಿಲ್ಲ. ನಮ್ಮಲ್ಲಿ ನಾಡಿ ಸಿಗಲಿಲ್ಲ ಅಂದರೆ ಏನರ್ಥ ಅಂತ ನಿಮಗೂ ಗೊತ್ತಲ್ವಾ.

ನಿಮ್ಮ ಕಡೆ ‘ಭಯ’ಕ್ಕೆ ಗುಡ್ಡದ ಈ ಅರ್ಥ ಇದೆಯಾ? ಕರಾವಳಿಯವರು, ಧಾರವಾಡದ ಕಡೆಯವರು ಏನನ್ನುತ್ತೀರಿ? ಸೋಮವಾರ ಬಿಪಿ ನೋಡಿಸಲು ಹೋಗುವಾಗ ಅಕ್ಕನ ಕೈಗೆ ಹಾಳೆ ಕೊಡಬೇಕು. ಎರಡೂ ಕೈಯಲ್ಲಿ ನೋಡಿಸು, ಒಂದರಲ್ಲಿ ಕಡಿಮೆ ತೋರಿಸಬಹುದು ಅಂತ ಕೊನೆಗೆ ಬರೆದಿದ್ದೇನೆ. ಆ ಸಾಲಿಗೆ ಮಾತ್ರ ಯಾವ ಪದದ ತೊಂದರೆಯೂ ಬರಲಿಲ್ಲ.